ಉಗಿಬಂಡಿಯ ಒಲೆಗೆ ಇದ್ದಲು ಎಲ್ಲಿಂದ ತರೋದು?

ಬ್ರಿಟನ್ನಿನಲ್ಲಿ ಹಳೆಯ ಉಗಿ ರೈಲುಗಳನ್ನು ಪ್ರವಾಸಿಗರಿಗಾಗಿ ಇವತ್ತಿಗೂ ಓಡಿಸುತ್ತಿರುವವರು ಕಲ್ಲಿದ್ದಲಿನ ಬಿಲ್ಲು ನೋಡಿ ತಲೆ ಮೇಲೆ ಕೈ ಹೊತ್ತಿದ್ದಾರೆ ಎಂದು ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಬೇರೆ ಏನೋ ಪ್ರಶ್ನೆಗೆ ಉತ್ತರ ಕೊಡುವಾಗ ಬಂದ ಮಾತು ಅದು. ಆದರೆ ಪತ್ರಗಳೆಲ್ಲ ಅದರ ಮೇಲೇ ಬಂದಿವೆ. ಈ ಸಲ ಪೂರ್ತಿ ಅದೇ ಇರಲಿ ಎಂದು ಸಂಪಾದಕರೂ ಹೇಳಿದರು. ಹೊಸ ಓದುಗರಿಗೆ ಒಂದು ಮಾತು: ನಾನು ಉಗಿ ಶೆಡ್‌ನಲ್ಲಿ ಫೈರ್‌ಮನ್ (ಎಂಜಿನ್ನಿನ ಒಲೆಗೆ ಇದ್ದಲು ಹಾಕುವವನು) ಆಗಿ ಕೆಲಸಕ್ಕೆ ಸೇರಿ, ಡೀಸೆಲ್ ಡ್ರೈವರ್ ಆಗಿ ನಿವೃತ್ತನಾದವನು. ಸಲಿಕೆ ಹಿಡಿದ ಕೈ. ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

ಪ್ರಶ್ನೆ: ಜಗತ್ತಿನಲ್ಲಿ ಕಲ್ಲಿದ್ದಲು ಬೇಕಾದಷ್ಟಿದೆ ಎಂದು ಓದಿದ್ದೇನೆ. ಹಾಗಿರುವಾಗ ಬ್ರಿಟನ್ನಿನ ಉಗಿ ರೈಲಿನವರಿಗೆ ಮಾತ್ರ ಯಾಕೆ ಕೊರತೆ? ಅವರದ್ದೇ ನೆಲದಲ್ಲಿ ಇದ್ದಲು ಇತ್ತಲ್ಲ?
— ಪದವಿ ಓದುತ್ತಿರುವ ವಿದ್ಯಾರ್ಥಿನಿ

ಉತ್ತರ: ಇದ್ದಲು ಇದೆ ಕಣಮ್ಮ. ಬೇಕಾದ ಇದ್ದಲು ಇಲ್ಲ.

ಎಲ್ಲ ಕಲ್ಲಿದ್ದಲೂ ಒಂದೇ ರೀತಿ ಉರಿಯುವುದಿಲ್ಲ. ಕೆಲವು ಇದ್ದಲಿಗೆ ಶಾಖ ತಗುಲಿದರೆ ಅದರೊಳಗಿಂದ ತುಂಬಾ ಅನಿಲ ಹೊರಡುತ್ತದೆ. ಉದ್ದನೆಯ ಜ್ವಾಲೆ ಬರುತ್ತದೆ. ಗಾಳಿ ಸಾಲದಿದ್ದರೆ ಅದೇ ಕಪ್ಪು ಹೊಗೆಯಾಗುತ್ತದೆ. ಆಂತ್ರಸೈಟ್ ಎಂಬ ಗಟ್ಟಿ ಇದ್ದಲಿನಲ್ಲಿ ಅನಿಲ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಗೆ ಬರುವುದಿಲ್ಲ, ಆದರೆ ಹೊತ್ತಿಕೊಳ್ಳಲು ಸತಾಯಿಸುತ್ತದೆ. ಇವೆರಡರ ನಡುವಿನದು ದಕ್ಷಿಣ ವೇಲ್ಸ್‌ನ ಉಗಿ ಇದ್ದಲು. ಹೊಗೆ ಕಡಿಮೆ, ಬೂದಿ ಕಡಿಮೆ, ಕಾವು ಜಾಸ್ತಿ. ಒಂದು ಕಾಲಕ್ಕೆ ಬ್ರಿಟನ್ನಿನ ನೌಕಾಪಡೆ ತನ್ನ ಹಡಗುಗಳಿಗೆ ಇದನ್ನೇ ಆರಿಸಿಕೊಂಡಿತ್ತು. ಅಲ್ಲಿನ ಎಷ್ಟೋ ಎಂಜಿನ್ನುಗಳ ಒಲೆಯನ್ನು, ಅಂದರೆ ಫೈರ್‌ಬಾಕ್ಸನ್ನು ಇಂಥ ಇದ್ದಲನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದಾರೆ.

ಗುಣ ಮಾತ್ರ ಅಲ್ಲ, ಗಾತ್ರವೂ ಮುಖ್ಯ. ಎಂಜಿನ್ನಿಗೆ ಮುಷ್ಟಿ ಗಾತ್ರದ ಉಂಡೆಗಳು ಬೇಕು. ವಿದ್ಯುತ್ ಸ್ಥಾವರದವರು ಇದ್ದಲನ್ನು ಹಿಟ್ಟಿನ ಹಾಗೆ ಅರೆದು ಉರಿಸುತ್ತಾರೆ. ಆ ಪುಡಿಯನ್ನು ನಮ್ಮ ಒಲೆಗೆ ಹಾಕಿದರೆ ಅರ್ಧ ಪಾಲು ಒಲೆಯ ತಳದ ಜಾಲರಿಯ ಸಂದಿಯಿಂದ ಕೆಳಗೆ ಉದುರುತ್ತದೆ. ಉಳಿದರ್ಧವನ್ನು ಚಿಮಣಿಯ ಎಳೆತ ಉರಿಯುವ ಮೊದಲೇ ಆಕಾಶಕ್ಕೆ ಊದಿಬಿಡುತ್ತದೆ.

ಈಗ ಗಣಿಗಳ ಕಥೆಗೆ ಬನ್ನಿ. ಬ್ರಿಟನ್ನಿನ ಕೊನೆಯ ದೊಡ್ಡ ಆಳದ ಗಣಿ ಕೆಲ್ಲಿಂಗ್ಲಿ, 2015ರ ಡಿಸೆಂಬರ್‌ನಲ್ಲಿ ಮುಚ್ಚಿತು. ಉಳಿದದ್ದು ಹೆಚ್ಚಾಗಿ ತೆರೆದ ಗಣಿಗಳು. ಉಗಿ ರೈಲಿನವರಿಗೆ ಅದರಲ್ಲಿ ಮುಖ್ಯವಾದದ್ದು ವೇಲ್ಸ್‌ನ ಮರ್ಥರ್ ಟಿಡ್ವಿಲ್ ಪಕ್ಕದ ಫೋಸ್-ಅ-ವ್ರಾನ್. ಅದರ ಪರವಾನಗಿ 2022ರ ಸೆಪ್ಟೆಂಬರ್‌ಗೆ ಮುಗಿಯಿತು. ಅಂತೂ ಇಂತೂ 2023ರ ನವೆಂಬರ್ ಕೊನೆಯವರೆಗೆ ಅಗೆದರು. ಆಮೇಲೆ ಬಾಗಿಲು ಹಾಕಿದರು. ಸುತ್ತಲಿನ ಜನ ದೂಳು, ಸದ್ದು ತಾಳಲಾರದೆ ವರ್ಷಗಟ್ಟಲೆ ಹೋರಾಡಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಸ್ವಂತ ಗಣಿ ಹೋದರೆ ಆಮದು ಮಾಡಿಕೊಳ್ಳಬೇಕು. ಅದಕ್ಕೆ ರಷ್ಯಾ ಇತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿಯಾಯಿತು, ಆಗಸ್ಟ್‌ಗೆ ರಷ್ಯಾದ ಇದ್ದಲಿಗೆ ಬ್ರಿಟನ್ ಮತ್ತು ಯುರೋಪ್ ಎರಡೂ ಬಾಗಿಲು ಮುಚ್ಚಿದವು. ಎಲ್ಲರೂ ಒಟ್ಟಿಗೆ ಬೇರೆ ದೇಶಗಳ ಕಡೆ ಓಡಿದರು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನ ದರವನ್ನು ಇದ್ದಲು ವ್ಯಾಪಾರದವರು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. 2021ರ ಆರಂಭದಲ್ಲಿ ಟನ್ನಿಗೆ 100 ಡಾಲರ್ ಒಳಗಿದ್ದ ಆ ದರ 2022ರ ಸೆಪ್ಟೆಂಬರ್‌ನಲ್ಲಿ 400 ಡಾಲರ್ ದಾಟಿತು. ಆಮೇಲೆ ಇಳಿಯಿತು, ನಿಜ. ಆದರೆ ಉಗಿ ರೈಲಿನವರ ಬಿಲ್ಲು ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಯಾಕೆಂದರೆ ಅವರು ಕೊಡುವ ದುಡ್ಡಿನಲ್ಲಿ ಇದ್ದಲಿನ ಬೆಲೆ ಒಂದು ಪಾಲು ಮಾತ್ರ. ಕೊಲಂಬಿಯಾದಿಂದಲೋ ಕಜಕಸ್ತಾನದಿಂದಲೋ ತರಿಸಬೇಕು. ಬಂದರಿನಲ್ಲಿ ಇಳಿಸಬೇಕು, ಜರಡಿ ಹಿಡಿಯಬೇಕು, ಲಾರಿಗೆ ತುಂಬಬೇಕು. ಒಂದೊಂದು ಸಲ ಎತ್ತಿ ಹಾಕಿದಾಗಲೂ ಉಂಡೆ ಒಡೆದು ಒಂದಷ್ಟು ಪುಡಿಯಾಗುತ್ತದೆ. ಆ ಪುಡಿಗೂ ದುಡ್ಡು ಕೊಟ್ಟಿರುತ್ತಾರೆ!

ಇನ್ನೊಂದು ವಿಷಯ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ನನ್ನ ಪ್ರಕಾರ ನಿಜವಾದ ಕಾರಣ ಅದೇ. ಬ್ರಿಟನ್ನಿನ ಉಗಿ ಪರಂಪರೆಯವರೆಲ್ಲ ಸೇರಿ ವರ್ಷಕ್ಕೆ ಉರಿಸುವುದು ಸುಮಾರು 26,000 ಟನ್ ಎಂದು ಅವರ ಸಂಘವಾದ ಹೆರಿಟೇಜ್ ರೈಲ್ವೆ ಅಸೋಸಿಯೇಷನ್ ಲೆಕ್ಕ ಕೊಟ್ಟಿತ್ತು. ಕೇಳಲು ಜಾಸ್ತಿ ಅನಿಸುತ್ತದೆ, ಅಲ್ವಾ? 2,000 ಮೆಗಾವಾಟ್‌ನ ಒಂದು ಸ್ಥಾವರ ಪೂರ್ತಿ ಓಡಿದರೆ ಒಂದು ದಿನಕ್ಕೆ 18,000 ಟನ್ ಆಸುಪಾಸು ಬೇಕು. ಅಂದರೆ ದೇಶದ ಎಲ್ಲ ಪಾರಂಪರಿಕ ರೈಲುಗಳ ಇಡೀ ವರ್ಷದ ಇದ್ದಲು ಒಂದು ಸ್ಥಾವರಕ್ಕೆ ಒಂದೂವರೆ ದಿನದ ಊಟ. ಅಂಥ ಸ್ಥಾವರಗಳಲ್ಲಿ ಕೊನೆಯದು ರ್‍ಯಾಟ್‌ಕ್ಲಿಫ್. 2024ರ ಸೆಪ್ಟೆಂಬರ್ 30ರಂದು ಅದೂ ನಿಂತಿತು. ಇಂಗ್ಲೆಂಡಿನಲ್ಲಿ ಮನೆ ಒಲೆಗೆ ಸಾದಾ ಕಲ್ಲಿದ್ದಲು ಮಾರುವುದನ್ನು 2021ರ ಮೇ ತಿಂಗಳಿಂದ ಮೂಟೆಯಲ್ಲಿ, 2023ರ ಮೇ ತಿಂಗಳಿಂದ ಬಿಡಿಯಾಗಿಯೂ ನಿಲ್ಲಿಸಿದರು. ಉಗಿ ಎಂಜಿನ್ನಿಗೆ ಆ ನಿಷೇಧ ಇಲ್ಲ. ಆದರೆ ಬಂದರಿನ ಕ್ರೇನು, ಜರಡಿ, ಲಾರಿ, ಡಿಪೋ ಎಲ್ಲ ನಡೆಯುತ್ತಿದ್ದದ್ದು ಆ ದೊಡ್ಡ ಗಿರಾಕಿಗಳ ದುಡ್ಡಿನಿಂದ. ದೊಡ್ಡವರು ಎದ್ದು ಹೋದ ಮೇಲೆ ಸಂತೆಯಲ್ಲಿ ಉಳಿದ ಸಣ್ಣ ಗಿರಾಕಿ ನಮ್ಮ ಉಗಿಬಂಡಿ. ಅವನೊಬ್ಬನಿಗಾಗಿ ಅಂಗಡಿ ತೆರೆದಿಡುವವರು ಕೇಳಿದಷ್ಟು ಕೊಡಬೇಕಾಗುತ್ತದೆ.

ಪ್ರಶ್ನೆ: ಖರ್ಚು ಏರಿದರೆ ಟಿಕೆಟ್ ದರ ಏರಿಸುವುದು ಸಹಜ ವ್ಯವಹಾರ. ಇದರಲ್ಲಿ ಅಷ್ಟು ಗೋಳಾಡುವಂಥದ್ದು ಏನಿದೆ?
— ನಿವೃತ್ತ ಬ್ಯಾಂಕ್ ಮ್ಯಾನೇಜರ್

ಉತ್ತರ: ಸಾರ್, ಲೆಕ್ಕ ನಿಮ್ಮದು, ಒಲೆ ನನ್ನದು. ಒಲೆಯ ಕಡೆಯಿಂದ ಒಂದು ಸಲ ನೋಡಿ.

ಬಸ್ಸಿಗೆ ಎರಡು ಟ್ರಿಪ್ ಕಡಿಮೆ ಮಾಡಿದರೆ ಎರಡು ಟ್ರಿಪ್ಪಿನ ಡೀಸೆಲ್ ಉಳಿಯುತ್ತದೆ. ಉಗಿ ಎಂಜಿನ್ ಹಾಗಲ್ಲ. ತಣ್ಣಗಿರುವ ದೊಡ್ಡ ಎಂಜಿನ್ನಿಗೆ ಬೆಂಕಿ ಕೊಟ್ಟು ತಕ್ಷಣ ಉಗಿ ಏರಿಸಲಾಗದು. ಬಾಯ್ಲರಿನ ತಗಡು, ಕೊಳವೆ, ಮೊಳೆಗಳು ಒಂದೇ ಸಮನೆ ಹಿಗ್ಗುವುದಿಲ್ಲ. ಅವಸರ ಮಾಡಿದರೆ ಕೊಳವೆಯ ಬಾಯಲ್ಲಿ ನೀರು ಸೋರಲು ಶುರುವಾಗುತ್ತದೆ. ಹಾಗಾಗಿ ಹಿಂದಿನ ದಿನವೇ ಸಣ್ಣ ಬೆಂಕಿ ಹಾಕಿ ಬೆಚ್ಚಗೆ ಮಾಡುತ್ತಾರೆ. ಬೆಳಗಿನ ಜಾವ ಎದ್ದು ಬೂದಿ ತೆಗೆದು ಮತ್ತೆ ಬೆಂಕಿ ಕಟ್ಟುತ್ತಾರೆ. ಮೊದಲ ಪ್ರಯಾಣಿಕ ಟಿಕೆಟ್ ತೆಗೆದುಕೊಳ್ಳುವ ಮೊದಲೇ ನೂರಾರು ಕಿಲೋ ಇದ್ದಲು ಹೋಗಿರುತ್ತದೆ. ರೈಲು ಕೊನೆಯ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಆಗಲೂ ಒಲೆ ಆರಿಸುವ ಹಾಗಿಲ್ಲ.

ಓಡುವಾಗಲಾದರೂ ಪೂರ್ತಿ ಕೆಲಸ ಸಿಗುತ್ತದೆಯೇ? ಬ್ರಿಟನ್ನಿನ ಬಹುತೇಕ ಪಾರಂಪರಿಕ ಹಳಿಗಳಲ್ಲಿ ವೇಗದ ಮಿತಿ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್. ಎಕ್ಸ್‌ಪ್ರೆಸ್ ಎಳೆಯಲು ಕಟ್ಟಿದ ಎಂಜಿನ್ ಐದಾರು ಬೋಗಿ ಕಟ್ಟಿಕೊಂಡು ನಿಧಾನಕ್ಕೆ ಹೋಗಿ ಬರುತ್ತದೆ. ಒಳ್ಳೆ ದಿನಗಳಲ್ಲೂ ಉಗಿ ಎಂಜಿನ್ ಇದ್ದಲಿನ ಶಾಖದಲ್ಲಿ ನೂರಕ್ಕೆ ಆರೆಂಟು ಪಾಲನ್ನು ಮಾತ್ರ ಎಳೆತಕ್ಕೆ ಬಳಸುವ ಯಂತ್ರ. ಇಂಥ ಓಡಾಟದಲ್ಲಿ ಅದೂ ಇಳಿಯುತ್ತದೆ. ಇದ್ದಲು ಉರಿಯುವುದು ರೈಲು ಎಳೆಯಲು ಅನ್ನುವುದಕ್ಕಿಂತ ಎಂಜಿನ್ನನ್ನು ಬಿಸಿಯಾಗಿ ಇಡಲು ಅಂದರೆ ಸರಿ.

ಇನ್ನು ಪ್ರಯಾಣಿಕರ ತೂಕ. ಒಂದು ಬೋಗಿ 30 ಟನ್ನಿಗೂ ಜಾಸ್ತಿ. ಅದರಲ್ಲಿ 60 ಜನ ಕೂತರೆ ನಾಲ್ಕೂಕಾಲು ಟನ್. ಬೋಗಿ ಖಾಲಿ ಇರಲಿ, ತುಂಬಿರಲಿ, ಇದ್ದಲಿನ ವ್ಯತ್ಯಾಸ ಅಷ್ಟಕ್ಕಷ್ಟೆ. ಹಾಗಾಗಿ ದರ ಏರಿಸಿ ನಾಲ್ಕು ಜನ ಕಡಿಮೆಯಾದರೆ ನಷ್ಟ ಇನ್ನೂ ಜೋರು. ಬರುವವರು ಮಕ್ಕಳು ಮರಿ ಕಟ್ಟಿಕೊಂಡು ಬರುವ ಕುಟುಂಬದವರು. ಅವರಿಗೆ ಇದು ಅಗತ್ಯದ ಪ್ರಯಾಣ ಅಲ್ಲ, ರಜೆಯ ಖುಷಿ. ದುಬಾರಿ ಅನಿಸಿದರೆ ಬೇರೆ ಕಡೆ ಹೋಗುತ್ತಾರೆ.

ದರ ಏರಿಸಿಲ್ಲ ಎಂದಲ್ಲ, ಏರಿಸಿದ್ದಾರೆ. ಅದರ ಜೊತೆಗೆ ಓಡುವ ದಿನಗಳನ್ನು ಕಡಿಮೆ ಮಾಡಿದ್ದಾರೆ. ಜನ ಕಡಿಮೆ ಇರುವ ದಿನ ಹಳೆ ಡೀಸೆಲ್ ಎಂಜಿನ್ ಕಟ್ಟುತ್ತಾರೆ. ರೈಲಿನಲ್ಲೇ ಊಟ ಬಡಿಸುತ್ತಾರೆ, ಕ್ರಿಸ್‌ಮಸ್ ತಿಂಗಳಲ್ಲಿ ಸಾಂಟಾ ರೈಲು ಓಡಿಸಿ ಒಂದಷ್ಟು ಗಂಟು ಮಾಡಿಕೊಳ್ಳುತ್ತಾರೆ. ಆ ಗಂಟು ಸುಮ್ನೆ ಇರುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಬಾಯ್ಲರ್ ಬಿಚ್ಚಿ ಪೂರ್ತಿ ರಿಪೇರಿ ಮಾಡಬೇಕು, ಅದಕ್ಕೇ ಲಕ್ಷಗಟ್ಟಲೆ ಪೌಂಡ್ ಬೇಕು. 1951ರಲ್ಲಿ ವೇಲ್ಸ್‌ನ ಟಲಿಲಿನ್ ರೈಲನ್ನು ಸ್ವಯಂಸೇವಕರು ಕೈಗೆತ್ತಿಕೊಂಡು ಈ ಸಂಪ್ರದಾಯ ಶುರು ಮಾಡಿದಾಗಿನಿಂದ ದುಡಿಮೆಯ ದೊಡ್ಡ ಪಾಲು ಬಿಟ್ಟಿ ಸಿಗುತ್ತಿದೆ. ಇದ್ದಲನ್ನು ಯಾರೂ ಬಿಟ್ಟಿ ಕೊಡುವುದಿಲ್ಲ.

ಪ್ರಶ್ನೆ: ಎಣ್ಣೆ ಉರಿಸುವ ಬರ್ನರ್ ಕೂರಿಸಿದರೆ ಇದ್ದಲಿನ ತಲೆನೋವೇ ಇರುವುದಿಲ್ಲವಲ್ಲ. ನಮ್ಮ ನೀಲಗಿರಿ ರೈಲಿನಲ್ಲಿ ಹಾಗೇ ಮಾಡಿದ್ದಾರೆ ಎಂದು ಕೇಳಿದ್ದೇನೆ.
— ಡೀಸೆಲ್ ಪಂಪ್ ಮೆಕ್ಯಾನಿಕ್

ಉತ್ತರ: ಮಾಡಿದ್ದಾರೆ, ಚೆನ್ನಾಗಿಯೂ ನಡೆಯುತ್ತಿದೆ. ನೀಲಗಿರಿಯಲ್ಲಿ ಕಲ್ಲಾರ್‌ನಿಂದ ಕುನ್ನೂರಿನವರೆಗೆ ಹಲ್ಲಿನ ಹಳಿ. ಹನ್ನೆರಡು ಅಡಿಗೆ ಒಂದು ಅಡಿ ಏರು. ಆ ಏರಿನಲ್ಲಿ ಒಲೆ ಸ್ವಲ್ಪ ಮಂಕಾದರೂ ರೈಲು ನಿಲ್ಲುತ್ತದೆ. ಎಣ್ಣೆಯಾದರೆ ವಾಲ್ವ್ ತಿರುಗಿಸಿದರೆ ಜ್ವಾಲೆ ಏರುತ್ತದೆ, ತಿರುಗಿಸಿದರೆ ಇಳಿಯುತ್ತದೆ. ಎಣ್ಣೆ ಉರಿಸುವ ಹೊಸ ಎಂಜಿನ್ನುಗಳನ್ನೇ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಕಟ್ಟಿ ಕಳಿಸಿದ್ದಾರೆ.

ಆದರೆ ಡಾರ್ಜಿಲಿಂಗ್ ಕಡೆ ನೋಡಿ. ಅಲ್ಲಿಯೂ 787 ನಂಬರಿನ ಎಂಜಿನ್ನಿಗೆ 2001ರ ಸುಮಾರಿಗೆ ಎಣ್ಣೆ ಬರ್ನರ್ ಹಾಕಿದರು. ಅದಕ್ಕೆ ಜನರೇಟರ್, ಪಂಪು, ಕಂಪ್ರೆಸರ್ ಎಲ್ಲ ಹೇರಿದರು. ಪುಟ್ಟ ಎಂಜಿನ್, ಆಕಾರವೇ ಕೆಟ್ಟಿತು. ಪರೀಕ್ಷೆಯಲ್ಲಿ ಫಲ ಸಿಗಲಿಲ್ಲ, ದಿನನಿತ್ಯದ ಓಡಾಟಕ್ಕೆ ಅದು ಬರಲೇ ಇಲ್ಲ. ಮತ್ತೆ ಇದ್ದಲಿಗೆ ಮರಳಿಸಲು ಶೆಡ್ಡಿಗೆ ಸೇರಿತು. ಒಂದು ಕಡೆ ಒಪ್ಪಿದ್ದು ಇನ್ನೊಂದು ಕಡೆ ಒಪ್ಪುತ್ತದೆ ಎಂದು ಹೇಳಲಾಗದು ಮಾರಾಯರೇ.

ಎಣ್ಣೆಯ ದೊಡ್ಡ ಲಾಭ ಕಿಡಿ ಹಾರದಿರುವುದು. ವೇಲ್ಸ್‌ನ ಫೆಸ್ಟಿನಿಯೋಗ್ ರೈಲಿನವರು 1970ರ ದಶಕದಲ್ಲಿ ಎಣ್ಣೆಗೆ ಬದಲಾದದ್ದು ಹಳಿ ಪಕ್ಕದ ಕಾಡಿಗೆ ಬೆಂಕಿ ಬೀಳಬಾರದು ಎಂದು. ಆಗ ಎಣ್ಣೆ ಅಗ್ಗವಾಗಿ ಸಿಗುತ್ತಿತ್ತು. ಮೂರು ದಶಕ ಕಳೆಯುವಷ್ಟರಲ್ಲಿ ಎಣ್ಣೆ ದುಬಾರಿಯಾಯಿತು, ಒಂದೊಂದೇ ಎಂಜಿನ್ನನ್ನು ಮತ್ತೆ ಇದ್ದಲಿಗೆ ತಿರುಗಿಸಿದರು. ಈಗ ಇದ್ದಲು ಹೀಗಾಯಿತು! ಇಂಧನ ಬದಲಿಸಿದರೆ ಬೆಲೆಯ ಹಿಡಿತದಿಂದ ತಪ್ಪಿಸಿಕೊಂಡ ಹಾಗಾಗುವುದಿಲ್ಲ. ಹಿಡಿತ ಯಾರದ್ದು ಅನ್ನುವುದಷ್ಟೇ ಬದಲಾಗುತ್ತದೆ.

ಅಮೆರಿಕದಲ್ಲಿ ಮಾತು ಬೇರೆ. ಕೊಲರಾಡೊದ ಡುರಾಂಗೊ–ಸಿಲ್ವರ್ಟನ್ ರೈಲು ಹೋಗುವುದು ಒಣ ಬೆಟ್ಟಗಳ ನಡುವೆ. 2018ರ ಜೂನ್‌ನಲ್ಲಿ ಅಲ್ಲಿ ಭಾರಿ ಕಾಡ್ಗಿಚ್ಚು ಬಿತ್ತು. ಉಗಿ ಎಂಜಿನ್ನಿನ ಕಿಡಿಯೇ ಕಾರಣ ಎಂದು ಸರ್ಕಾರ ದಾವೆ ಹೂಡಿತು. 2022ರಲ್ಲಿ 2 ಕೋಟಿ ಡಾಲರ್‌ಗೆ ರಾಜಿಯಾಯಿತು. ಆ ಬೆಂಕಿಯ ನಂತರ ಅವರು ಎಂಜಿನ್ನುಗಳನ್ನು ಎಣ್ಣೆಗೆ ಬದಲಿಸುತ್ತಾ ಬಂದರು. ಅಲ್ಲಿ ಟನ್ನಿನ ದರ ಕೂಡಿ ಕಳೆಯುವ ಪ್ರಶ್ನೆಯೇ ಬರಲಿಲ್ಲ.

ನನಗೆ ಇಷ್ಟವಾದ ಲೆಕ್ಕ ಗ್ರ್ಯಾಂಡ್ ಕ್ಯಾನ್ಯನ್ ರೈಲಿನವರದು. 2008ರಲ್ಲಿ ಉಗಿ ನಿಲ್ಲಿಸಿದ್ದರು. 2009ರಲ್ಲಿ 4960 ನಂಬರಿನ ಎಂಜಿನ್ನನ್ನು ಹೋಟೆಲ್ಲುಗಳಲ್ಲಿ ಕರಿದು ಬಿಟ್ಟ ಅಡುಗೆ ಎಣ್ಣೆಯಲ್ಲಿ ಮತ್ತೆ ಓಡಿಸಿದರು. ವರ್ಷಕ್ಕೆ ಕೆಲವೇ ದಿನ, ಆದರೆ ಓಡುತ್ತದೆ. ಹಾಗೆಯೇ ಸ್ವಿಟ್ಜರ್ಲೆಂಡಿನ ಬ್ರಿಯೆಂಜ್ ರೋಟ್‌ಹಾರ್ನ್ ಬೆಟ್ಟದ ರೈಲು. 1990ರ ದಶಕದಲ್ಲಿ ಅವರು ಹೊಚ್ಚ ಹೊಸ ಉಗಿ ಎಂಜಿನ್ನುಗಳನ್ನೇ ಕಟ್ಟಿಸಿದರು. ತೆಳು ಎಣ್ಣೆಯ ಬರ್ನರ್, ಬಾಯ್ಲರಿಗೆ ದಪ್ಪ ಹೊದಿಕೆ, ನಡೆಸಲು ಒಬ್ಬರೇ ಸಾಕು. ಫೈರ್‌ಮನ್ ಬೇಡವೇ ಬೇಡ. ಎಂಜಿನಿಯರ್ ಕಣ್ಣಿಗೆ ಇದು ಹಬ್ಬ. ನನಗೆ ಮಾತ್ರ ಓದುವಾಗ ಹೊಟ್ಟೆಯೊಳಗೆ ಏನೋ ಆಯಿತು.

ನೀವು ಬರ್ನರ್ ಬಲ್ಲವರು, ಆದ್ದರಿಂದ ಇನ್ನೊಂದು ಮಾತು. ಇದ್ದಲಿನ ಬೆಂಕಿ ಜಾಲರಿಯ ಅಗಲಕ್ಕೂ ಹರಡಿಕೊಂಡಿರುತ್ತದೆ. ಎಣ್ಣೆಯ ಜ್ವಾಲೆ ಒಂದೇ ಕಡೆ ಹೊಡೆಯುತ್ತದೆ. ಅದಕ್ಕೆ ಫೈರ್‌ಬಾಕ್ಸಿನೊಳಗೆ ಬೆಂಕಿ ತಾಳುವ ಇಟ್ಟಿಗೆಯ ಗೋಡೆ ಕಟ್ಟಬೇಕು. ಬರ್ನರ್ ಪದೇ ಪದೇ ಆರಿಸಿ ಹೊತ್ತಿಸಿದರೆ ತಗಡು ಕಾದು ತಣ್ಣಗಾಗಿ ದಣಿಯುತ್ತದೆ. ಇಂಧನದಲ್ಲಿ ಉಳಿಸಿದ್ದು ಬಾಯ್ಲರ್ ರಿಪೇರಿಗೆ ಹೋದರೆ ಏನು ಬಂತು?

ಪ್ರಶ್ನೆ: ಮೊದಲು ಕಟ್ಟಿಗೆ ಹಾಕುತ್ತಿದ್ದರಲ್ಲ? ಈಗ ಯಾಕೆ ಹಾಕಬಾರದು?
— ಒಬ್ಬ ರೈತರು

ಉತ್ತರ: ಹಾಕಬಹುದು. ಒಣಗಿದ ಕಟ್ಟಿಗೆಯ ಕಾವು ಅಷ್ಟೇ ತೂಕದ ಒಳ್ಳೆ ಇದ್ದಲಿನ ಅರ್ಧದಷ್ಟು. ಕಟ್ಟಿಗೆ ಜಾಗವನ್ನೂ ಜಾಸ್ತಿ ತಿನ್ನುತ್ತದೆ. ಟೆಂಡರಿನಲ್ಲಿ, ಅಂದರೆ ಎಂಜಿನ್ ಹಿಂದಿನ ಇಂಧನದ ಬಂಡಿಯಲ್ಲಿ, ತುಂಬಿದ್ದು ಬೇಗ ಮುಗಿಯುತ್ತದೆ. ಮೇಲಿಂದ ಕಿಡಿ. ಸಣ್ಣ ಎಂಜಿನ್, ಚಿಕ್ಕ ದಾರಿ, ಪಕ್ಕದಲ್ಲೇ ಕಾಡು ಇದ್ದರೆ ಸರಿ. ಉಳಿದವರಿಗೆ ಬೆಳಗ್ಗೆ ಒಲೆ ಹೊತ್ತಿಸಲು ಮಾತ್ರ ಕಟ್ಟಿಗೆ.

ಪ್ರಶ್ನೆ: ಆಲಿವ್ ಬೀಜದಿಂದ ಇದ್ದಲಿನ ಉಂಡೆ ಮಾಡಿ ಉಗಿ ಎಂಜಿನ್ ಓಡಿಸುತ್ತಾರಂತೆ. ಮಕ್ಕಳಿಗೆ ಹೇಳುವ ಮೊದಲು ನಿಜವೇ ಎಂದು ಕೇಳಿಕೊಳ್ಳೋಣ ಎಂದು ಬರೆದೆ.
— ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು

ಉತ್ತರ: ಧಾರಾಳವಾಗಿ ಹೇಳಿ ಮೇಷ್ಟ್ರೇ, ನಿಜ. ಬೀಜ ಮಾತ್ರ ಅಲ್ಲ, ಅರ್ಧದಷ್ಟು ಬೀಜ. ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ ಬೀಜವನ್ನು ಆಂತ್ರಸೈಟ್ ಪುಡಿಯ ಜೊತೆ ಸೇರಿಸಿ, ಅಂಟು ಹಾಕಿ, ಒತ್ತಿ ಮೊಟ್ಟೆಯಾಕಾರದ ಉಂಡೆ ಮಾಡುತ್ತಾರೆ. ಮನೆ ಒಲೆಗೆಂದು ಬಂದ ಸರಕು ಇದು. ಇಂಗ್ಲೆಂಡಿನ ಬ್ಯೂರ್ ವ್ಯಾಲಿ ಎಂಬ ಕಿರು ಹಳಿಯ ರೈಲಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಮಿಲ್ವಾಕೀ ಪ್ರಾಣಿಸಂಗ್ರಹಾಲಯದ ಪುಟಾಣಿ ರೈಲಿನಲ್ಲಿ, ಗಾಳಿ ಸೋಕದಂತೆ ಹುರಿದ ಮರದ ಪುಡಿಯ ಉಂಡೆಗಳನ್ನು ಪ್ರಯೋಗಿಸಿದ್ದಾರೆ.

ಇನ್ನು ಸಲಿಕೆ ಹಿಡಿದವರ ಮಾತು. ಇಂಥ ಉಂಡೆಗಳಲ್ಲಿ ಬೀಜ ಸೇರಿದ್ದು ಒಂದು ಜಾತಿ, ಬರೀ ಆಂತ್ರಸೈಟ್ ಪುಡಿಯದ್ದು ಇನ್ನೊಂದು. ಎರಡನೆಯದು ಈಗ ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಗೆ ಬಂದಿದೆ. ಹೊಗೆ ಇಲ್ಲ. ಎಲ್ಲ ಉಂಡೆಯೂ ಒಂದೇ ಗಾತ್ರ, ಪುಡಿ ಕಡಿಮೆ. ಆದರೆ ಅನಿಲ ಇಲ್ಲದ ಇಂಧನಕ್ಕೆ ಉದ್ದನೆಯ ಜ್ವಾಲೆ ಇರುವುದಿಲ್ಲ. ಕಾವೆಲ್ಲ ಜಾಲರಿಯ ಮೇಲೇ ಕೂರುತ್ತದೆ. ಕಬ್ಬಿಣದ ಸರಳುಗಳು ಬೇಗ ಸವೆಯುತ್ತವೆ, ಬಗ್ಗುತ್ತವೆ. ಎರಡನೆಯದಾಗಿ, ಅದು ನಿಧಾನದ ಪ್ರಾಣಿ. ಮುಂದೆ ಏರು ಬರುತ್ತದೆ ಎಂದರೆ ಸಾದಾ ಇದ್ದಲು ನಾಲ್ಕು ಸಲಿಕೆ ಎರಚಿದ ಸ್ವಲ್ಪ ಹೊತ್ತಿಗೆ ಒತ್ತಡದ ಮುಳ್ಳು ಏಳುತ್ತದೆ. ಉಂಡೆಯಾದರೆ ಎಷ್ಟೋ ಮೊದಲೇ ಯೋಚಿಸಿ ಹಾಕಿರಬೇಕು. ಅದಕ್ಕೇ ಹಲವರು ಸಾದಾ ಇದ್ದಲಿನ ಜೊತೆ ಬೆರೆಸಿ ಉರಿಸುತ್ತಾರೆ. ದೊಡ್ಡ ಎಂಜಿನ್ನಿಗಿಂತ ಸಣ್ಣದಕ್ಕೆ ಇದು ಬೇಗ ಒಗ್ಗುತ್ತದೆ.

ಅಗ್ಗವೇ ಎಂದು ಕೇಳಿದರೆ, ಅದಕ್ಕೂ ಕಾರ್ಖಾನೆ ಇದೆ, ಒತ್ತುವ ಯಂತ್ರ ಇದೆ, ತರಿಸುವ ಆಂತ್ರಸೈಟ್ ಇದೆ. ಅಗ್ಗ ಆಗುವ ದಾರಿ ಕಾಣುವುದಿಲ್ಲ. ನಾಳೆಯೂ ಸಿಗುತ್ತದೆ ಅನ್ನುವ ಭರವಸೆ ಇದೆ, ಅದೇ ದೊಡ್ಡದು.

ಪ್ರಶ್ನೆ: ಬೆಲೆ ನಮ್ಮ ಕೈಲಿಲ್ಲ, ಸರಿ. ಬಳಕೆ ಕಡಿಮೆ ಮಾಡುವುದು ಫೈರ್‌ಮನ್ ಕೈಲಿದೆಯೇ?
— ಹಳೆಯ ಶೆಡ್ ಒಂದರ ಫಿಟ್ಟರ್ ಮಗಳು

ಉತ್ತರ: ಈ ಪ್ರಶ್ನೆ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ ತಾಯಿ. ಇದೆ, ಬೇಕಾದಷ್ಟಿದೆ. ಒಂದೇ ಎಂಜಿನ್, ಒಂದೇ ದಾರಿ, ಒಂದೇ ಇದ್ದಲು ಕೊಟ್ಟು ಇಬ್ಬರನ್ನು ಕಳಿಸಿದರೆ ಸಂಜೆ ಟೆಂಡರಿನಲ್ಲಿ ಉಳಿಯುವ ಇದ್ದಲು ಒಂದೇ ಆಗಿರುವುದಿಲ್ಲ.

ನನಗೆ ಕೆಲಸ ಕಲಿಸಿದ ಡ್ರೈವರ್ ಮಾತು ಕಡಿಮೆ ಆಡುತ್ತಿದ್ದರು. ಚಿಮಣಿ ಕಡೆ ಬೆರಳು ತೋರಿಸುತ್ತಿದ್ದರು, ಅಷ್ಟೇ. ಹೊಗೆ ಕಡುಕಪ್ಪಗಿದ್ದರೆ ಇದ್ದಲು ಪೂರ್ತಿ ಉರಿಯದೆ ಹೋಗುತ್ತಿದೆ ಎಂದು ಅರ್ಥ. ಏನೂ ಕಾಣದಿದ್ದರೆ ಗಾಳಿ ಹೆಚ್ಚಾಗಿ ಒಲೆ ತಣ್ಣಗಾಗುತ್ತಿರಬಹುದು. ತೆಳ್ಳಗೆ ಬೂದು ಬಣ್ಣ ಇರಬೇಕು. ಫೋಟೊ ತೆಗೆಯಲು ಬರುವವರಿಗೆ ಮಾತ್ರ ಕಪ್ಪು ಹೊಗೆಯೇ ಬೇಕು! ಅವರಿಗೋಸ್ಕರ ಬೇಕೆಂದೇ ಹೊಗೆ ಬಿಡುವ ಚಾಳಿ ಕೆಲವು ಕಡೆ ಇದೆ. ಇದ್ದಲಿನ ಇವತ್ತಿನ ಬೆಲೆಗೆ ಅದು ನೋಟು ಸುಟ್ಟ ಲೆಕ್ಕ.

ಎರಡನೆಯದು, ಸ್ವಲ್ಪ ಸ್ವಲ್ಪ, ಪದೇ ಪದೇ. ಒಂದೇ ಸಲ ಹತ್ತು ಸಲಿಕೆ ಸುರಿದು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಸುರಿದರೆ ಒಲೆ ಮಂಕಾಗುತ್ತದೆ, ಆಮೇಲೆ ಒಮ್ಮೆಲೇ ಏರುತ್ತದೆ, ನಿಲ್ದಾಣಕ್ಕೆ ಬಂದು ನಿಂತಾಗ ಸೇಫ್ಟಿ ವಾಲ್ವ್ ಕೂಗುತ್ತದೆ. ಪ್ಲಾಟ್‌ಫಾರಂನಲ್ಲಿರುವ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹಳೇ ಫೈರ್‌ಮನ್‌ಗಳು ಮುಖ ಆಚೆ ತಿರುಗಿಸುತ್ತಾರೆ. ಅಲ್ಲಿ ಹೋಗುತ್ತಿರುವುದು ಕಾಯಿಸಿದ ನೀರು, ಸುಟ್ಟ ಇದ್ದಲು ಎರಡೂ. ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಿದ್ದವನು ಅದಕ್ಕೂ ಮೊದಲೇ ಸಲಿಕೆ ಕೆಳಗಿಡುತ್ತಾನೆ. ಒತ್ತಡ ಏರುತ್ತಿದ್ದರೆ ಬಾಯ್ಲರಿಗೆ ನೀರು ಬಿಟ್ಟು ಆ ಶಾಖವನ್ನು ಒಳಗೇ ಇಟ್ಟುಕೊಳ್ಳುತ್ತಾನೆ.

ಇದರಲ್ಲಿ ಡ್ರೈವರ್ ಪಾಲೂ ಇದೆ. ಉಗಿ ಬಿಡುವ ರೆಗ್ಯುಲೇಟರ್ ಪೂರ್ತಿ ತೆರೆದು, ಸಿಲಿಂಡರಿಗೆ ಉಗಿ ಹೋಗುವ ಹೊತ್ತನ್ನು ಕಡಿಮೆ ಮಾಡಿದರೆ ಒಳಗೆ ಹೋದ ಉಗಿ ಹಿಗ್ಗಿ ತನ್ನ ಕೆಲಸ ಪೂರ್ತಿ ಮಾಡುತ್ತದೆ. ಬಡಬಡ ಸದ್ದು ಮಾಡಿಕೊಂಡು ಹೊರಡುವ ಡ್ರೈವರ್ ನೋಡುವವರಿಗೆ ಚೆಂದ, ಒಲೆ ಮುಂದೆ ಇರುವವನಿಗೆ ಶಿಕ್ಷೆ.

ಹೀಗೆ ಕೈ ಪಳಗಿದವರಿಂದಲೇ ನಡೆಯುವ ರೈಲಿಗೆ ಈಗ ಒಂದು ತೊಡಕು ಬಂದಿದೆ. ಇದ್ದಲು ಪದೇ ಪದೇ ಬದಲಾಗುತ್ತದೆ. ಈ ತಿಂಗಳು ಕೊಲಂಬಿಯಾದ್ದು, ಮುಂದಿನ ತಿಂಗಳು ಕಜಕಸ್ತಾನದ್ದು, ಆಮೇಲೆ ಉಂಡೆ. ಒಂದೊಂದಕ್ಕೂ ಒಲೆಯ ದಪ್ಪ, ಗಾಳಿಯ ಪ್ರಮಾಣ ಬೇರೆ. ಕೆಲವು ಇದ್ದಲಿನ ಬೂದಿ ಕರಗಿ ಜಾಲರಿಗೆ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಅದೇ ಕ್ಲಿಂಕರ್. ದಾರಿ ಮಧ್ಯೆ ಅದು ಕಟ್ಟಿಕೊಂಡರೆ ಉದ್ದನೆಯ ಸರಳಿನಿಂದ ಕೀಳುವುದು ಎಷ್ಟು ಕಷ್ಟ ಎಂದು ನಿಮ್ಮ ತಂದೆಯವರನ್ನು ಕೇಳಿ. ಸ್ವಯಂಸೇವಕರು ತಿಂಗಳಿಗೆ ಒಂದೆರಡು ಸಲ ಬಂದು ಫೈರಿಂಗ್ ಮಾಡುವವರು. ಹಳೆಯ ಇದ್ದಲಿನಲ್ಲಿ ಕಲಿತ ಕೈಗೆ ಹೊಸದು ಹೊಂದಿಕೊಳ್ಳುವಷ್ಟರಲ್ಲಿ ಮತ್ತೊಂದು ಬಂದಿರುತ್ತದೆ.

ಯಂತ್ರವನ್ನೇ ಸುಧಾರಿಸುವ ದಾರಿಯೂ ಇದೆ. ಅರ್ಜೆಂಟೀನಾದ ಲಿವಿಯೊ ಡಾಂಟೆ ಪೋರ್ಟಾ ಎಂಬ ಎಂಜಿನಿಯರ್ ಇಡೀ ಬದುಕನ್ನು ಇದಕ್ಕೇ ಕೊಟ್ಟರು. ತೆಳುವಾದ ಬೆಂಕಿಗೆ ಕೆಳಗಿಂದ ಗಾಳಿ ಹೊಡೆಸುವ ಬದಲು, ದಪ್ಪನೆ ಬೆಂಕಿಯಲ್ಲಿ ಇದ್ದಲನ್ನು ಮೊದಲು ಅನಿಲ ಮಾಡಿ, ಆ ಅನಿಲಕ್ಕೆ ಮೇಲಿಂದ ಗಾಳಿ ಕೊಟ್ಟು ಉರಿಸುವುದು ಅವರ ಉಪಾಯ. ಅವರ ಜಾಡಿನಲ್ಲೇ ಡೇವಿಡ್ ವಾರ್ಡೇಲ್ ದಕ್ಷಿಣ ಆಫ್ರಿಕಾದಲ್ಲಿ 1981ರಲ್ಲಿ ಒಂದು ಎಂಜಿನ್ನನ್ನು ಮಾರ್ಪಡಿಸಿದರು. ಕೆಂಪು ಬಣ್ಣ ಬಳಿದಿದ್ದರಿಂದ ಅದಕ್ಕೆ ರೆಡ್ ಡೆವಿಲ್ ಎಂದು ಹೆಸರಾಯಿತು. ಅದೇ ಜಾತಿಯ ಹಳೆ ಎಂಜಿನ್ನಿಗೆ ಹೋಲಿಸಿದರೆ ಇದ್ದಲಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿಯಿತು, ಎಳೆಯುವ ಶಕ್ತಿಯೂ ಏರಿತು. ಪಾರಂಪರಿಕ ರೈಲಿನವರು ಇದನ್ನೆಲ್ಲ ಯಾಕೆ ಮಾಡುವುದಿಲ್ಲ ಎಂದು ನೀವು ಕೇಳಬಹುದು. ಹಳೆಯದನ್ನು ಇದ್ದ ಹಾಗೇ ಉಳಿಸುತ್ತೇವೆ ಎಂದು ಹೊರಟವರು ಅವರು. ಒಳಗೆಲ್ಲ ಬದಲಾಯಿಸಿದರೆ ಉಳಿಸಿದ್ದೇನು ಅನ್ನುವ ಜಗಳ ಅವರಲ್ಲೇ ಇದೆ. ನನ್ನನ್ನು ಕೇಳಿದರೆ, ಹೊರಗೆ ಕಾಣದ ಬದಲಾವಣೆಗೆ ಅಡ್ಡಿ ಮಾಡಬಾರದು. ಬಾಯ್ಲರಿಗೆ ಒಳ್ಳೆ ಹೊದಿಕೆ, ನೀರು ಸಂಸ್ಕರಣೆ, ಗಾಳಿಯ ದಾರಿ, ಇಷ್ಟು ಸರಿಮಾಡಿದರೂ ಇದ್ದಲು ಉಳಿಯುತ್ತದೆ.

ಪ್ರಶ್ನೆ: ಇಷ್ಟೆಲ್ಲ ಕಷ್ಟ ಯಾಕೆ? ಒಳಗೆ ಕರೆಂಟ್ ಇಟ್ಟು ನೀರು ಕಾಯಿಸಿದರೆ ಸಾಲದೇ?
— ಹೆಸರು ಬೇಡ ಎಂದವರು

ಉತ್ತರ: ತಮಾಷೆಗೆ ಕೇಳಿದ್ದೀರಿ ಅನಿಸುತ್ತದೆ. ಆದರೆ ಆಗಲೇ ಮಾಡಿ ಮುಗಿಸಿದ್ದಾರೆ! ಎರಡನೇ ಮಹಾಯುದ್ಧದ ಕಾಲಕ್ಕೆ ಸ್ವಿಟ್ಜರ್ಲೆಂಡಿಗೆ ಇದ್ದಲು ಬರುವುದು ಕಷ್ಟವಾಯಿತು. ಅವರ ಬಳಿ ಜಲವಿದ್ಯುತ್ ಬೇಕಾದಷ್ಟಿತ್ತು. ಬೋಗಿಗಳನ್ನು ಅತ್ತಿತ್ತ ಸರಿಸುವ ಶಂಟಿಂಗ್ ಕೆಲಸದ ಎರಡು ಪುಟ್ಟ ಉಗಿ ಎಂಜಿನ್ನುಗಳ ನೆತ್ತಿಗೆ ವಿದ್ಯುತ್ ತಂತಿ ಮುಟ್ಟುವ ಚೌಕಟ್ಟು ಕೂರಿಸಿ, ಆ ವಿದ್ಯುತ್ತಿನಿಂದ ಬಾಯ್ಲರ್ ಕಾಯಿಸಿದರು. ಕೆಲಸವೂ ಮಾಡಿದವು. ತಂತಿಯೇ ಇಲ್ಲದ ಪಾರಂಪರಿಕ ಹಳಿಗೆ ಅದು ಆಗುವ ಮಾತಲ್ಲ.

ಪ್ರಶ್ನೆ: ಮುಂದಿನ ಬೇಸಿಗೆಯಲ್ಲಿ ಮಗನ ಮನೆಗೆಂದು ಬ್ರಿಟನ್ನಿಗೆ ಹೋಗುತ್ತಿದ್ದೇವೆ. ಉಗಿ ರೈಲು ಹತ್ತಲೇಬೇಕು. ಹೋದಾಗ ಡೀಸೆಲ್ ಎಂಜಿನ್ ನಿಂತಿದ್ದರೆ ಏನು ಮಾಡುವುದು?
— ಗೃಹಿಣಿ

ಉತ್ತರ: ಹತ್ತಿ ಅಕ್ಕಾವ್ರೇ, ಅದೂ ಹಳೆಯದೇ. ಆದರೆ ಮೊದಲೇ ನೋಡಿಕೊಂಡು ಹೋಗುವುದು ವಾಸಿ. ಬಹುತೇಕ ರೈಲಿನವರು ವೇಳಾಪಟ್ಟಿಯಲ್ಲಿ ಯಾವ ದಿನ ಉಗಿ, ಯಾವ ದಿನ ಡೀಸೆಲ್ ಎಂದು ಬಣ್ಣ ಹಾಕಿ ತೋರಿಸಿರುತ್ತಾರೆ. ಶನಿವಾರ, ಭಾನುವಾರ, ಶಾಲೆ ರಜೆಯ ದಿನಗಳಲ್ಲಿ ಉಗಿ ಸಿಗುವ ಸಾಧ್ಯತೆ ಜಾಸ್ತಿ. ತುಂಬಾ ಒಣ ಬಿಸಿಲಿದ್ದರೆ ಕಿಡಿಯ ಭಯಕ್ಕೆ ಉಗಿ ನಿಲ್ಲಿಸುತ್ತಾರೆ. 2022ರ ಬೇಸಿಗೆಯಲ್ಲಿ ಹಲವು ಕಡೆ ಹಾಗಾಯಿತು. ಆದ್ದರಿಂದ ಹೊರಡುವ ಬೆಳಗ್ಗೆ ಇನ್ನೊಮ್ಮೆ ವಿಚಾರಿಸಿ. ಎಂಜಿನ್ನಿಗೆ ಹತ್ತಿರದ ಬೋಗಿಯಲ್ಲಿ ಕೂತರೆ ಸದ್ದು ಚೆನ್ನಾಗಿ ಕೇಳುತ್ತದೆ. ಬಿಳಿ ಸೀರೆ ಬೇಡ. ಕಿಟಕಿಯಿಂದ ತಲೆ ಹೊರಗೆ ಹಾಕಲೇಬೇಡಿ, ಇದ್ದಲಿನ ಚೂರು ಕಣ್ಣಿಗೆ ಬಿದ್ದರೆ ಇಡೀ ದಿನ ಹಾಳು.